ಎರಡನೇ ಕೀ ನನ್ನ ಬಳಿ ಇತ್ತು

ನನ್ನ ಮಾವನಿಗೆ ಮರೆವು ಇರಲಿಲ್ಲ. ಇದೆ ಎಂದು ಅವರನ್ನು ನಂಬಿಸಿದವನು ನಾನು. ಅವರ ಹಳೆಯ ಕಾರಿನ ಬಾನೆಟ್ ಎತ್ತಿ, ಯಾರೂ ಇಲ್ಲದಾಗ ಅಲ್ಲಿ ಇಲ್ಲಿ ಕೈಯಾಡಿಸಿ, ಆಮೇಲೆ ಏನೂ ಅರಿಯದವನ ಮುಖ ಮಾಡಿಕೊಂಡು ‘ನೀವೇ ಮಾಡಿದ್ದು ಮಾವ, ಮರೆತಿದ್ದೀರಿ’ ಎಂದು ಹೇಳಿ — ಹೀಗೆ. ಒಂದು ಎಂಜಿನ್ನು ಕುದಿಯುವ ಹಾಗೆ ಮಾಡುವುದು ಸುಲಭ. ಒಬ್ಬ ಮನುಷ್ಯನಿಗೆ ತನ್ನ ತಲೆಯ ಮೇಲೆ ತನಗೇ ನಂಬಿಕೆ ಹೋಗುವ ಹಾಗೆ ಮಾಡುವುದು ಅದಕ್ಕಿಂತ ಸುಲಭ ಎಂದು ಆಗ ತಿಳಿಯಿತು. ತಿಳಿದ ಮೇಲೂ ನಾನು ನಿಲ್ಲಿಸಲಿಲ್ಲ.

ನಾನು ತುಮಕೂರಿನ ಕಡೆಯವನು. ಮಲಯಾಳ ನಾಡಿನ ತುಂಬ ಎಂಬ ಕಡಲೂರಿನಲ್ಲಿ ಕೇಂದ್ರ ಸರ್ಕಾರದ ಕೆಲಸ. ರಾಕೆಟ್ಟಿನ ಯಾವ ಭಾಗ ಎಷ್ಟು ಬಿಸಿ ತಡೆಯುತ್ತದೆ, ಯಾವಾಗ ಕೈಕೊಡುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕಸುಬು. ಮನೆ ಉಳ್ಳೂರಿನಲ್ಲಿ. ಹೆಂಡತಿ ವೀಣಾ, ಮಗಳು ನಿಧಿ. ವೀಣಾಳ ತಂದೆ ಮೈಸೂರಿನವರು, ಬ್ಯಾಂಕಿನಲ್ಲಿ ಹೆಡ್ ಕ್ಯಾಶಿಯರ್ ಆಗಿದ್ದವರು. ಕೊನೆಯ ವರ್ಷಗಳಲ್ಲಿ ಕಳಮಶ್ಶೇರಿಗೆ ವರ್ಗವಾಗಿ, ಅಲ್ಲೇ ಅತ್ತೆಯನ್ನು ಕಳೆದುಕೊಂಡು, ಅಲ್ಲೇ ನಿವೃತ್ತರಾಗಿ, ಒಂದು ದಿನ ತಮ್ಮ ಬಿಳಿ ಕಾರನ್ನು ತಾವೇ ಓಡಿಸಿಕೊಂಡು ನಮ್ಮ ಮನೆಗೆ ಬಂದರು. ಆ ಕಾರು ಆಗಲೇ ಮುದಿಯಾಗಿತ್ತು. ಮಾವ ಮುದಿಯಾಗಿರಲಿಲ್ಲ. ನಿಧಿಯನ್ನು ಶಾಲೆಗೆ ಬಿಡುವ ಕೆಲಸವನ್ನು ಕೇಳಿಯೇ ತೆಗೆದುಕೊಂಡರು.

ಮೊದಲ ಸಲ ಕಾರು ಬಿಸಿಯಾದದ್ದು ನನ್ನಿಂದಲ್ಲ, ಅದಾಗಿಯೇ ಆಯಿತು. ನಾನು ರೇಡಿಯೇಟರ್ ಕಟ್ಟಿಕೊಂಡಿದೆ, ಕಳಚಿ ತೊಳೆಸಬೇಕು ಎಂದೆ. ಮಾವ ಆತುರಪಡಲಿಲ್ಲ. ಎಲ್ಲಿ ಬಿಸಿಯಾಗುತ್ತದೆ ಎಂದು ಮೊದಲು ನೋಡೋಣ ಎಂದರು. ಬೈಪಾಸಿನಲ್ಲಿ ಓಡಿಸಿದೆವು, ಎಂಜಿನ್ನಿನ ಬಿಸಿ ತೋರಿಸುವ ಸೂಜಿ ಮಧ್ಯ ಬಿಟ್ಟು ಅಲುಗಲಿಲ್ಲ. ಉಳ್ಳೂರ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತೆವು, ಸೂಜಿ ಮೇಲೇರಿತು. ಓಡುವಾಗ ತಂಪಾಗಿದ್ದು ನಿಂತಾಗ ಬಿಸಿಯಾಗುವುದೆಂದರೆ ಗಾಳಿ ಸಾಲದು, ಫ್ಯಾನ್ ತಿರುಗುತ್ತಿಲ್ಲ. ಫ್ಯಾನಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟರೆ ತಿರುಗಿತು. ಹಾಗಾದರೆ ಫ್ಯಾನ್ ಸರಿಯಿದೆ, ಬಿಸಿಯಾದಾಗ ಅದನ್ನು ಎಬ್ಬಿಸಬೇಕಾದ ಸ್ವಿಚ್ಚು ಸತ್ತಿದೆ. ಹೊಸ ಸ್ವಿಚ್ಚು ಹಾಕಿದೆವು. ಆ ಭಾನುವಾರ ನಾವಿಬ್ಬರೂ ಕೈ ಕರಿ ಮಾಡಿಕೊಂಡು ನಗುತ್ತಾ ಊಟಕ್ಕೆ ಬಂದದ್ದು ನೆನಪಿದೆ. ನನಗೂ ಅವರನ್ನು ಕಂಡರೆ ಇಷ್ಟವಿತ್ತು — ಇದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಎಷ್ಟು ಕೀಳು ಎಂದು ನಿಮಗೆ ತಿಳಿಯುವುದಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಏನೇ ಮುಚ್ಚಲಿ, ಬಾಯಿಬಿಟ್ಟು ಹೇಳುವರು. ರೇಡಿಯೇಟರಿನ ಮುಚ್ಚಳ ತಿರುಗಿಸಿ, ಅದರ ಮೇಲೆ ಅಂಗೈ ಇಟ್ಟು, ‘ಮುಚ್ಚಿದೆ’ ಎನ್ನುವರು. ನಾನು ಬಗ್ಗಿ ನೋಡಿ ‘ಸರಿ’ ಎನ್ನಬೇಕು. ನಾನು ಎನ್ನುವ ತನಕ ಬಾನೆಟ್ ಇಳಿಸುತ್ತಿರಲಿಲ್ಲ. ಬ್ಯಾಂಕಿನ ಸೇಫಿಗೆ ಎರಡು ಕೀ, ಇಬ್ಬರ ಕೈಯಲ್ಲಿ. ಒಬ್ಬನಿಂದ ತೆರೆಯಲೂ ಆಗದು, ಮುಚ್ಚಲೂ ಆಗದು. ಜೀವಮಾನವೆಲ್ಲ ಅವರು ಹಾಗೆ ದುಡ್ಡು ಕಾದವರು. ಹಿಂದೆ ಒಮ್ಮೆ ಸಂಜೆ ತಾನು ಬೀಗ ಹಾಕಿದ್ದೇನೆ ಎಂದು ಇವರು ಹಟ ಹಿಡಿದರಂತೆ, ಎರಡನೇ ಕೀಯವರು ಇಲ್ಲ ಎಂದರಂತೆ. ಹೋಗಿ ನೋಡಿದರೆ ಸೇಫು ತೆರೆದೇ ಇತ್ತು. ಅವತ್ತಿನಿಂದ ಅವರು ತಮ್ಮ ನೆನಪಿಗಿಂತ ಪಕ್ಕದಲ್ಲಿ ನಿಂತವನ ಮಾತನ್ನು ಹೆಚ್ಚು ನಂಬಿದರು.

“ನನ್ನೊಬ್ಬನ ಕೀಯಿಂದ ಏನೂ ಮುಚ್ಚೋಲ್ಲ ಅಳಿಯಂದ್ರೇ,” ಎಂದರು. “ಎರಡನೇ ಕೀ ನಿಮ್ಮದು. ನೀವು ಸರಿ ಅಂದ್ರೇನೇ ಸರಿ.”

ಅಷ್ಟು ದೊಡ್ಡದನ್ನು ಅಷ್ಟು ಸಲೀಸಾಗಿ ಯಾರಾದರೂ ಕೈಗೆ ಕೊಡುತ್ತಾರೆಯೇ? ಕೊಟ್ಟರು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

ನಿಧಿ ಆಗ ನಾಲ್ಕನೇ ಕ್ಲಾಸು. ಅವಳು ಹುಟ್ಟಿದ ದಿನದಿಂದ ನಾನು ಮನೆಯಲ್ಲಿ ಕನ್ನಡವನ್ನೇ ಆಡಿದವನು. ಕಥೆ ಹೇಳಿದೆ, ಅಕ್ಷರ ತಿದ್ದಿಸಿದೆ, ಗದರಿಸಿದೆ, ಚಾಕೊಲೇಟಿನ ಆಸೆಯನ್ನೂ ತೋರಿಸಿದೆ. ಎಲ್ಲ ಅರ್ಥವಾಗುತ್ತಿತ್ತು ಅವಳಿಗೆ. ಉತ್ತರ ಮಾತ್ರ ಮಲಯಾಳದಲ್ಲಿ. ‘ಎನಿಕ್ಕರಿಯಿಲ್ಲ’ — ನನಗೆ ಗೊತ್ತಿಲ್ಲ — ಅಂದುಬಿಟ್ಟು ಆಟಕ್ಕೆ ಓಡುವಳು. ಇಲ್ಲಿ ಬೆಳೆಯುವ ಮಕ್ಕಳೇ ಹಾಗೆ ಎಂದು ನಾನು ಸೋಲೊಪ್ಪಿಕೊಂಡಿದ್ದೆ.

ಒಂದು ಬೆಳಿಗ್ಗೆ ನನ್ನ ಸ್ಕೂಟರ್ ಕೆಟ್ಟು, ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಮಾವ, ಪಕ್ಕದಲ್ಲಿ ನಿಧಿ. ಬಿಸಿಯ ಸೂಜಿಯನ್ನು ನೋಡಿಕೊಳ್ಳುವುದು ಅವಳ ಕೆಲಸವಂತೆ. “ಸೂಜಿ ಮಧ್ಯದಲ್ಲೇ ಇದೆ ತಾತ, ನೀನು ಆರಾಮಾಗಿ ಓಡ್ಸು,” ಎಂದಳು. ಅಚ್ಚ ಮೈಸೂರಿನ ಹುಡುಗಿಯ ಹಾಗೆ. ಶಾಲೆ ಬರುವ ತನಕ ಅವಳ ಮಾತು ನಿಲ್ಲಲಿಲ್ಲ — ಟೀಚರಿನ ಸೀರೆ, ಗೆಳತಿಯ ಜಗಳ, ಮಧ್ಯಾಹ್ನದ ಡಬ್ಬಿ, ಎಲ್ಲವೂ ಕನ್ನಡದಲ್ಲಿ. ಹಿಂದೆ ಅಪ್ಪ ಕೂತಿದ್ದಾನೆ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಇಳಿಯುವಾಗ ನಾನು ಕನ್ನಡದಲ್ಲೇ ಸಂಜೆ ಬೇಗ ಬಾ ಎಂದೆ. ‘ವರಾಂ’ — ಬರ್ತೀನಿ — ಎಂದಳು, ಮಲಯಾಳದಲ್ಲಿ.

ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರು ಇಷ್ಟು ವರ್ಷ ಹುಡುಕಿದ್ದೇನೆ. ಅಳಿಯನ ಕಾಳಜಿ, ಹಳೆಯ ಕಾರಿನ ಅಪಾಯ, ಮಗುವಿನ ಸುರಕ್ಷೆ... ಯಾವುದೂ ನಿಲ್ಲುವುದಿಲ್ಲ. ನನ್ನ ಮಗಳ ಕನ್ನಡ ಇದ್ದದ್ದು ಆ ಕಾರಿನೊಳಗೆ. ನನಗೆ ಸಿಗದ್ದು ಅವರಿಗೂ ಬೇಡ ಎನ್ನಿಸಿತು, ಅಷ್ಟೇ.

ಮುಂದಿನ ವಾರ, ಹಾಲು ತರಲು ಹೊರಟವನು ಬಾನೆಟ್ ಎತ್ತಿ ಫ್ಯಾನಿನ ವೈರಿನ ಪ್ಲಗ್ಗನ್ನು ಎಳೆದು ಬಿಟ್ಟೆ. ಎಂಜಿನ್ನಿಗೆ ಏನೂ ಆಗದು, ಜಂಕ್ಷನ್ನಿನಲ್ಲಿ ಸ್ವಲ್ಪ ಹೊಗೆಯಾಡಿ ಮಾವನ ಮುಖ ಸಣ್ಣದಾದರೆ ಸಾಕು ಎಂದುಕೊಂಡೆ. ಹಾಗೇ ಆಯಿತು. ಅವರೇ ಪ್ಲಗ್ಗು ಬಿಚ್ಚಿರುವುದನ್ನು ಕಂಡುಹಿಡಿದು, ಹಾಕಿ, ಮಗುವನ್ನು ತಡವಾಗಿ ಶಾಲೆಗೆ ಬಿಟ್ಟು ಬಂದರು. ಹಿಂದಿನ ದಿನ ಇಬ್ಬರೂ ನೋಡಿ ಸರಿ ಎಂದಿದ್ದೆವಲ್ಲ ಎಂದು ನನ್ನನ್ನು ಕೇಳಿದರು. ಆಗಲೇ ನಕ್ಕು, ತಮಾಷೆಗೆ ಮಾಡಿದೆ ಎಂದುಬಿಟ್ಟಿದ್ದರೆ — ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ನಾನು ಪೇಪರಿನಿಂದ ತಲೆಯೆತ್ತಿ ಹೇಳಿದೆ: “ನಾನು ಒಳಗೆ ಹೋದ್ಮೇಲೆ ನೀವು ಇನ್ನೊಂದ್ಸಲ ಬಿಚ್ಚಿ ನೋಡ್ತಿದ್ರಲ್ಲ ಮಾವ.”

ಅವರು ನನ್ನನ್ನು ಅನುಮಾನದಿಂದ ನೋಡಲಿಲ್ಲ. ತಮ್ಮ ಬೆರಳುಗಳನ್ನು ನೋಡಿಕೊಂಡರು. ಇದ್ದರೂ ಇರಬಹುದು ಎಂದರು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಸಂತೋಷವಾಯಿತು. ಕೈಯಲ್ಲಿದ್ದ ಕಾಫಿ ಕೂಡ ಹೆಚ್ಚು ರುಚಿಯಾಯಿತು.

ಎರಡನೇ ಸಲ ರೇಡಿಯೇಟರಿನ ಮುಚ್ಚಳ. ಅದನ್ನು ಒತ್ತಿ ಕೊನೆಯ ತನಕ ತಿರುಗಿಸಬೇಕು. ಅರ್ಧಕ್ಕೆ ಬಿಟ್ಟರೆ ನೋಡಲು ಮುಚ್ಚಿದಂತೆಯೇ ಇರುತ್ತದೆ, ಒಳಗಿನ ಒತ್ತಡ ಮಾತ್ರ ನಿಲ್ಲದೆ ನೀರು ಬೇಗ ಕುದಿದು ಹೋಗುತ್ತದೆ. ನಾನು ಅರ್ಧಕ್ಕೆ ಬಿಟ್ಟೆ. ಅವತ್ತು ಸೂಜಿ ಮೇಲೆ ಹೋಗುತ್ತಿದೆ ಎಂದು ನಿಧಿ ಕಿರುಚಿದಳಂತೆ. ಮಾವ ಮನೆಗೆ ಬಂದಾಗ ವೀಣಾ ಎದುರಿಗಿದ್ದಳು. ನಾನು ಮೆಲ್ಲಗೆ, ಅವರಿಗೆ ಕೇಳಿಸುವಷ್ಟು ಮೆಲ್ಲಗೆ, ಮೊನ್ನೆಯೂ ಹೀಗೇ ಆಯಿತು ಎಂದೆ. ಅಲ್ಲಿಂದಾಚೆ ನಾನು ಕಾರು ಮುಟ್ಟಬೇಕಾಗಿಯೇ ಬರಲಿಲ್ಲ. ಉಳಿದದ್ದನ್ನು ವೀಣಾಳ ಕಣ್ಣು ಮಾಡಿತು. ಅಪ್ಪ ಕನ್ನಡಕ ಹುಡುಕಿದರೆ ಅವಳು ನನ್ನ ಮುಖ ನೋಡುವಳು. ಕನ್ನಡಕ ನಾನೂ ದಿನಾ ಹುಡುಕುತ್ತೇನೆ. ನನ್ನದು ಕೆಲಸದ ಒತ್ತಡ. ಅವರದು ಕಾಯಿಲೆಯ ಲಕ್ಷಣ.

ಆಮೇಲೆ ಕಳಮಶ್ಶೇರಿಗೆ ಹೊರಟ ದಿನ. ಅವರ ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ವೀಣಾಳಿಗೆ ರಜೆ ಸಿಗಲಿಲ್ಲ. ಮಾವ, ನಿಧಿ, ನಾನು. ಹೊರಡುವ ಮುಂಚೆ ಇಬ್ಬರೂ ಬಾನೆಟ್ ಎತ್ತಿ ನೋಡಿದೆವು. ಮಾವ ನೀರು ನೋಡಿದರು, ಫ್ಯಾನಿನ ಪ್ಲಗ್ಗು ಮುಟ್ಟಿ ನೋಡಿದರು, ಮುಚ್ಚಳವನ್ನು ಒತ್ತಿ ಕೊನೆಯ ತನಕ ತಿರುಗಿಸಿದರು. ಮುಚ್ಚಿದೆ ಎಂದರು. ನಾನು ಬಗ್ಗಿ ನೋಡಿದೆ. ಸರಿಯಾಗಿಯೇ ಮುಚ್ಚಿತ್ತು. ಸರಿ ಎಂದೆ. ಅವತ್ತು ನಾನು ಕಾರಿಗೆ ಏನೂ ಮಾಡಲಿಲ್ಲ — ಇದು ನನ್ನ ಪರವಾಗಿ ಹೇಳುವ ಮಾತಲ್ಲ.

ಹರಿಪಾಡ್ ದಾಟಿದ ಮೇಲೆ ಹೆದ್ದಾರಿಯ ಪಕ್ಕದ ಚಹಾ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. ಎಂಜಿನ್ ಚೆನ್ನಾಗಿತ್ತು, ಸೂಜಿ ಮಧ್ಯದಲ್ಲಿತ್ತು. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಅದೇ ಕನ್ನಡ, ಅದೇ ನಗು. ನಾನು ಹಿಂದೆ ಕೂತು ಫೋನು ಉಜ್ಜಿಕೊಂಡು ಬಂದಿದ್ದೆ. ಇಳಿದ ಮೇಲೆ ಮಾವ ಬಾನೆಟ್ಟಿನ ಮುಂದೆ ನಿಂತು, ಸ್ವಲ್ಪ ಸಂಕೋಚದಿಂದ ಕೇಳಿದರು: “ಬೆಳಿಗ್ಗೆ ಮುಚ್ಚಳ ಪೂರ್ತಿ ತಿರುಗಿಸಿದ್ದು ನೀವು ನೋಡಿದ್ರಲ್ವಾ ಅಳಿಯಂದ್ರೇ?”

ನೋಡಿದ್ದೆ. ಸರಿ ಎಂದೂ ಹೇಳಿದ್ದೆ.

“ಇಲ್ಲ ಮಾವ,” ಎಂದೆ. “ನಾನು ನೋಡ್ಲೇ ಇಲ್ಲ.”

ಅಷ್ಟು ಹೇಳಿ ಚಹಾ ಹೇಳಲು ಹೋದೆ. ಅವರು ಬಾನೆಟ್ ಎತ್ತುವ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಸಕ್ಕರೆ ಎಷ್ಟು ಎಂದು ಅಂಗಡಿಯ ಅಕ್ಕ, ಆ ಕಡೆಯ ಮಾತಿನಲ್ಲಿ ಚೇಚಿ, ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ — ಆಗ ಆ ಬುಸ್ಸೆನ್ನುವ ಸದ್ದು, ಅದರ ಹಿಂದೆಯೇ ನಿಧಿಯ ಕೂಗು.

ಭದ್ರವಾಗಿದೆಯೋ ಇಲ್ಲವೋ ಎಂದು ಬಟ್ಟೆ ಹಿಡಿದು ಒತ್ತಿ ನೋಡಿದ್ದಾರೆ. ಕೈಗೆ ತನ್ನ ಮೇಲೇ ನಂಬಿಕೆಯಿಲ್ಲ, ಬಿಗಿ ಮಾಡುವ ಕಡೆಗೆ ತಿರುಗಿಸುವ ಬದಲು ತೆರೆಯುವ ಕಡೆಗೆ ತಿರುಗಿಸಿದ್ದಾರೆ. ಕುದಿನೀರು ಬಲಗೈಯ ಮೇಲೆ, ಮೊಣಕೈಯ ತನಕ. ಪಕ್ಕದಲ್ಲಿದ್ದ ಮಗುವನ್ನು ಎಡಗೈಯಿಂದ ಹಿಂದಕ್ಕೆ ತಳ್ಳಿದ್ದರು. ಅವಳು ಮಣ್ಣಿನಲ್ಲಿ ಬಿದ್ದಿದ್ದಳು, ಮೈಮೇಲೆ ಒಂದು ಹನಿಯೂ ಇರಲಿಲ್ಲ. ಚೇಚಿ ಕೊಡದಲ್ಲಿದ್ದ ನೀರನ್ನೆಲ್ಲ ಅವರ ಕೈಗೆ ಸುರಿದಳು. ಚರ್ಮ ಸುಲಿಯುತ್ತಿತ್ತು. ಮಾವ ಅಳಲಿಲ್ಲ. ಅವರಿಗೆ ಕೈಯ ಉರಿಗಿಂತ ಬೇರೊಂದು ಹೆಚ್ಚಾಗಿತ್ತು. ಬಿಸಿ ಇರುವಾಗ ಮುಚ್ಚಳ ಮುಟ್ಟಬಾರದು ಎಂದು ಮಗುವಿಗೆ ದಿನಾ ಹೇಳುತ್ತಿದ್ದವರು ಅವರೇ. ಅದನ್ನೇ ಮರೆತೆ ನೋಡಿ, ಅದನ್ನೇ ಮರೆತೆ ಎಂದು ಮತ್ತೆ ಮತ್ತೆ ಹೇಳಿದರು. ಆಮೇಲೆ ಎಡಗೈಯಿಂದ ಕಾರಿನ ಕೀ ತೆಗೆದು ನನ್ನ ಮುಂದೆ ಹಿಡಿದರು.

“ಇನ್ಮೇಲೆ ಎರಡೂ ಕೀ ನಿಮ್ಮ ಹತ್ರಾನೇ ಇರ್ಲಿ.”

ತೆಗೆದುಕೊಂಡೆ. ಹತ್ತಿರದ ಆಸ್ಪತ್ರೆಯಲ್ಲಿ ಅವರ ಕೈಗೆ ಮದ್ದು ಹಚ್ಚಿಸಿಕೊಂಡು, ಗೃಹಪ್ರವೇಶ ಬಿಟ್ಟು ಹಿಂದಿರುಗಿದೆವು. ರೇಡಿಯೇಟರಿಗೆ ಮತ್ತೆ ನೀರು ತುಂಬಿ ಕಾರು ನಾನು ಓಡಿಸಿದೆ. ಈಗ ನಿಧಿ ಹಿಂದಿನ ಸೀಟಿನಲ್ಲಿ, ತಾತನ ಪಕ್ಕ. ಸೂಜಿ ಎಲ್ಲಿದೆ ಅಂತ ನೋಡು ಪುಟ್ಟಿ ಎಂದು ನಾನು ಕನ್ನಡದಲ್ಲಿ ಕೇಳಿದೆ. ಅವಳು ಬಗ್ಗಿ ನೋಡಿ ಮಲಯಾಳದಲ್ಲಿ ‘ನಡುವಿಲ್’ ಎಂದಳು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಬೇಗನೇ ಮುಗಿಯಿತು. ವೀಣಾ ಅವರನ್ನು ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಮರೆವನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿದರು. ನಾನು ಎಂದೆ. ವಿವರ ಕೇಳಿದರು; ಪ್ಲಗ್ಗು, ಮುಚ್ಚಳ, ಸುಟ್ಟ ಕೈ ಎಲ್ಲವನ್ನೂ ಕ್ರಮವಾಗಿ ಹೇಳಿದೆ, ಆಫೀಸಿನ ಮೀಟಿಂಗಿನಲ್ಲಿ ಹೇಳುವ ಹಾಗೆ. ಮಾವ ಪಕ್ಕದಲ್ಲಿ ಕೂತು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಗಾಡಿ ಕೊಡಬೇಡಿ, ಗ್ಯಾಸಿನ ಹತ್ತಿರ ಗಮನವಿರಲಿ ಎಂದು ಡಾಕ್ಟರು ಹೇಳಿದ್ದು ನನ್ನ ಮಾತಿನ ಮೇಲೆ. ಕಾರನ್ನು ತುಂಬದ ಮೀನುಗಾರರ ಮನೆಯೊಂದಕ್ಕೆ ಕೊಟ್ಟುಬಿಟ್ಟೆ. ಆಫೀಸಿಗೆ ಹೋಗುವಾಗ ಕಡಲ ದಾರಿಯಲ್ಲಿ ಈಗಲೂ ಓಡುತ್ತಿರುವುದು ಕಾಣುತ್ತದೆ, ತುಕ್ಕು ಹಿಡಿದು, ಮೇಲೆ ಮೀನಿನ ಬಲೆ ಕಟ್ಟಿಕೊಂಡು. ಒಂದು ದಿನವೂ ಅದು ಹೊಗೆಯಾಡಿದ್ದನ್ನು ನಾನು ಕಂಡಿಲ್ಲ.

ನಿಧಿಯ ಕನ್ನಡ ಆ ಚಹಾ ಅಂಗಡಿಯ ಮುಂದೆಯೇ ನಿಂತುಹೋಯಿತು. ಶಾಲೆಯ ಬಸ್ಸಿಗೆ ಸೇರಿದಳು. ಈಗ ಕಳಮಶ್ಶೇರಿಯಲ್ಲೇ ಕಾಲೇಜು ಓದುತ್ತಿದ್ದಾಳೆ. ಫೋನಿನಲ್ಲಿ ತಾತನ ಜೊತೆಗೂ ಮಲಯಾಳವೇ, ತಾತ ಹೂಂಗುಟ್ಟುತ್ತಾರೆ. ನನಗೆ ಸಿಗದ್ದು ಅವರಿಗೂ ಸಿಗಲಿಲ್ಲ. ಬಯಸಿದ್ದು ಅದನ್ನೇ ಅಲ್ಲವೇ ನಾನು.

ಇಷ್ಟು ವರ್ಷಗಳಲ್ಲಿ ಮಾವನಿಗೆ ಮರೆವು ಬರಲಿಲ್ಲ. ಅದೇ ಭಯಂಕರ. ಮೈಸೂರಿನ ಮನೆಯ ಎದುರಿನವರ ಹೆಸರು, ಬ್ಯಾಂಕಿನಲ್ಲಿ ಜೊತೆಗಿದ್ದವರ ಮಕ್ಕಳ ಹೆಸರು, ಎಲ್ಲ ನೆನಪಿದೆ. ಆದರೆ ಯಾವುದನ್ನೂ ನನ್ನನ್ನು ಕೇಳದೆ ನಂಬುವುದಿಲ್ಲ. ಸ್ನಾನ ಆಯಿತೇ, ಮಾತ್ರೆ ತೆಗೆದುಕೊಂಡೆನೇ, ಬಾಲ್ಕನಿಯ ಬಾಗಿಲು ಹಾಕಿದೆನೇ — ವೀಣಾಳನ್ನು ಕೇಳುವುದಿಲ್ಲ, ನನ್ನನ್ನೇ ಕೇಳುತ್ತಾರೆ. ನಾನು ಸರಿ ಎಂದ ಮೇಲೆ ಹೋಗಿ ಮಲಗುತ್ತಾರೆ. ಎರಡೂ ಕೀ ನನ್ನ ಬಳಿ ಇವೆಯಲ್ಲ.

ಇನ್ನೊಂದು ಉಳಿದಿದೆ. ಇದನ್ನು ಹೇಳದೆ ಬಿಟ್ಟರೆ ಹೇಳಿದ್ದೆಲ್ಲ ನಾಟಕವಾಗುತ್ತದೆ.

ಮೊನ್ನೆ ಮೊನ್ನೆ, ಆಫೀಸಿನಲ್ಲಿ ಒಬ್ಬ ಕಿರಿಯ ನನ್ನ ತಪ್ಪೊಂದನ್ನು ಎಲ್ಲರೆದುರು ಎತ್ತಿ ತೋರಿಸಿದ ದಿನ. ವೀಣಾ ಊರಿಗೆ ಹೋಗಿದ್ದಳು. ನಾನೇ ಮಾವನಿಗೆ ಅನ್ನ ಹುಳಿ ಬಡಿಸಿದ್ದೆ, ಅವರು ಉಂಡು ತಟ್ಟೆ ತೊಳೆದಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಕೋಣೆಯ ಬಾಗಿಲಿಗೆ ಬಂದು, ತಮ್ಮ ಊಟ ಆಯಿತಲ್ಲವೇ ಎಂದು ಕೇಳಿದರು. ನನಗೆ ತಲೆ ಸಿಡಿಯುತ್ತಿತ್ತು. ಇಲ್ಲ ಮಾವ ಎಂದೆ.

ಅವರು ಬಲಗೈಯನ್ನು — ಸುಟ್ಟು ಬಿಳಿಚಿಕೊಂಡ ಆ ಕೈಯನ್ನು — ಮೂಗಿನ ಹತ್ತಿರ ತಂದು ಬೆರಳು ಮೂಸಿ ನೋಡಿದರು. ಹುಳಿಯ ವಾಸನೆ ಇದ್ದೇ ಇತ್ತು. ಅವರಿಗೆ ಗೊತ್ತಾಯಿತು; ಗೊತ್ತಾದದ್ದನ್ನು ನಾನು ನೋಡಿದೆ. ಆದರೂ ಹೋಗಿ ತಟ್ಟೆಯ ಮುಂದೆ ಕೂತರು. ನಾನು ಎದ್ದು ಹೋಗಿ ಬಡಿಸಿದೆ. ಹೌದು, ಬಡಿಸಿದೆ. ಅವರು ನಿಧಾನವಾಗಿ, ಒಂದು ಅಗುಳು ಬಿಡದೆ ಉಂಡರು. ಕೈ ತೊಳೆದು ಬಂದು, “ಹಸಿವೇ ಇರ್ಲಿಲ್ಲ ಅನ್ನಿಸ್ತಿತ್ತು, ಅದೂ ಗೊತ್ತಾಗಲ್ಲ ನೋಡಿ ನನಗೆ,” ಎಂದರು.

ಮಾರನೆಯ ಬೆಳಿಗ್ಗೆ ಅವರನ್ನು ಬಾಲ್ಕನಿಯಲ್ಲಿ ಕೂರಿಸಿ ಎಲ್ಲ ಹೇಳಿದೆ. ಪ್ಲಗ್ಗು ನಾನು ಎಳೆದದ್ದು, ಮುಚ್ಚಳ ನಾನು ಸಡಿಲಿಸಿದ್ದು, ಹರಿಪಾಡಿನ ಸುಳ್ಳು, ಡಾಕ್ಟರ ಮುಂದಿನ ಸುಳ್ಳು, ರಾತ್ರಿಯ ಊಟ. ನಿಮ್ಮ ನೆನಪಿಗೆ ಎಂದೂ ಏನೂ ಆಗಿರಲಿಲ್ಲ ಎಂದೆ. ನೋಟು ಎಣಿಸುವಾಗಿನ ಗಮನದಿಂದ ಕೇಳಿದರು. ನಾನು ಅವರು ಎದ್ದು ನನ್ನ ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

“ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಟಿ ಹೇಳ್ತಿದ್ದೀರಲ್ಲ ಅಳಿಯಂದ್ರೇ. ತಪ್ಪನ್ನೂ ನಿಮ್ಮ ಮೇಲೇ ಹಾಕ್ಕೊಂಡು... ಸ್ವಂತ ಮಗನೂ ಮಾಡೋಲ್ಲ.”

ನಾನು ಆಣೆ ಇಟ್ಟೆ. ಅವರು ನಕ್ಕು, ಮಾತ್ರೆ ಆಯಿತೇ ಎಂದು ಕೇಳಿದರು.

ವೀಣಾ ಬಂದ ದಿನವೇ ಅವಳಿಗೂ ಹೇಳಿದೆ. ಅವಳು ನಂಬಿದಳು. ಕೊನೆಗೆ ಒಂದೇ ಕೇಳಿದಳು, ಉಂಡವರನ್ನು ಮತ್ತೆ ಕೂರಿಸಿ ಬಡಿಸಿದಿರಾ ಎಂದು. ಹೌದು ಎಂದೆ. ಎದ್ದು ಅಪ್ಪನ ಕೋಣೆಗೆ ಹೋದಳು. ಒಳಗೆ ಬಹಳ ಹೊತ್ತು ಅವಳ ದನಿ ಕೇಳಿಸಿತು, ಅಪ್ಪಾ ಅವರು ಹೇಳಿದ್ದು ನಿಜ ಎಂದು ಬೇಡುವ ದನಿ. ಅಳಿಯಂದಿರನ್ನು ಬೈಯಬೇಡ ಎನ್ನುತ್ತಿದ್ದರು ಮಾವ. ಈಗ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಅದು ಸರಿಯಾಗಿಯೇ ಇದೆ. ನಿಧಿಗೆ ಇನ್ನೂ ಹೇಳಿಲ್ಲ. ಈ ಸಲ ರಜೆಗೆ ಬಂದಾಗ ಹೇಳುತ್ತೇನೆ. ಕನ್ನಡದಲ್ಲೇ ಹೇಳುತ್ತೇನೆ. ಅವಳು ಯಾವ ಭಾಷೆಯಲ್ಲಿ ಬೈದರೂ ಕೇಳಿಕೊಳ್ಳುತ್ತೇನೆ.

ನಿನ್ನೆ ಸಂಜೆ ಮಾವ ಮತ್ತೆ ನನ್ನ ಬಾಗಿಲಿಗೆ ಬಂದರು. ಹಾಲು ಬಿಸಿ ಮಾಡಿಕೊಂಡಿದ್ದರಂತೆ, ಗ್ಯಾಸ್ ಆರಿಸಿದೆನೇ ಎಂದು ಕೇಳಿದರು. ನನ್ನನ್ನು ಕೇಳಬೇಡಿ ಮಾವ, ನಾನು ಸುಳ್ಳ ಎಂದೆ. ತಮಾಷೆ ಎಂದುಕೊಂಡು ನಕ್ಕರು. ನಗುತ್ತಲೇ ಕಾದು ನಿಂತರು, ಲೋಟ ಹಿಡಿದುಕೊಂಡು, ಹಾಲು ಆರುತ್ತಿದ್ದರೂ. ನಾನು ಹೇಳುವ ತನಕ ಅವರು ಅದನ್ನು ಕುಡಿಯುವುದಿಲ್ಲ ಎಂದು ನನಗೆ ಗೊತ್ತು. ಹಿಂದೆಲ್ಲ ಕೂತಲ್ಲಿಂದಲೇ ಹೇಳಿಬಿಡುತ್ತಿದ್ದೆ. ನಿನ್ನೆ ಎದ್ದು ಅಡುಗೆಮನೆಗೆ ಹೋದೆ, ಬಗ್ಗಿ ನೋಡಿದೆ, ಒಲೆಯ ತಿರುಪು ಮುಟ್ಟಿ ನೋಡಿದೆ. ಅವರು ಸರಿಯಾಗಿಯೇ ಆರಿಸಿದ್ದರು. ಹಿಂದಿರುಗಿ ಬಂದು ಸರಿ ಎಂದೆ. ಅವರು ಇರುವಷ್ಟು ದಿನ ಹೀಗೆ ಹೋಗಿ ನೋಡಿ ಬಂದೇ ಹೇಳುತ್ತೇನೆ.